ಎನಿಡೋರೀನ್, ನಂಬರ್ ನಲವತ್ತೆರಡು

ಥಾರ್ನ್‌ಹೈತ್
೧೪ ಸೆಪ್ಟೆಂಬರ್

ಪ್ರಿಯ ಬ್ರಯನಿ,

ಗ್ಯಾಸ್ ಮುಗಿಯುತ್ತ ಬಂದಿದೆ. ಕೆಟಲ್ ಎರಡು ಸಲ ಕುದಿಯುವಷ್ಟು ಇರಬಹುದು, ಮೂರನೆಯದಕ್ಕೆ ನಾನು ಹೊಣೆಯಲ್ಲ. ಟೀ ಹೊಸದು ತಂದಿಟ್ಟಿದ್ದೇನೆ. ಬಾಗಿಲಿನ ಕೆಳಗಿನ ಹಲಗೆ ಊದಿಕೊಂಡಿದೆ, ಎಳೆಯುವ ಮೊದಲು ಸ್ವಲ್ಪ ಮೇಲಕ್ಕೆತ್ತು. ನಿನ್ನ ಅಮ್ಮನ ಕುರ್ಚಿಯ ಬಟ್ಟೆಯನ್ನು ಹೊಲಿದಿದ್ದೇನೆ. ಚೆನ್ನಾಗಿ ಬಂದಿಲ್ಲ.

ಬರುವ ವಾರ ಜೋಡಿ ಸಂಖ್ಯೆಯದು, ಆದ್ದರಿಂದ ನಿನ್ನದು; ಒಂಟಿ ಸಂಖ್ಯೆಯವು ಎಂದಿನಂತೆ ನನ್ನವು. ಈ ವರ್ಷಕ್ಕೆ ಅದೇ ಕೊನೆಯ ಜೋಡಿ ವಾರ. ಮೂವತ್ತನೇ ತಾರೀಕು, ದಂಡೆಯ ಮರದ ಗೂಡುಗಳನ್ನೆಲ್ಲ ಚಳಿಗಾಲಕ್ಕೆ ಎತ್ತಿ ಸಾಗಿಸಲು ಕ್ರೇನ್ ಬರುತ್ತದೆ. ಗಾಜಿನ ಸಾಮಾನುಗಳನ್ನು ಹಾಸಿಗೆಬಟ್ಟೆಯಲ್ಲಿ ಸುತ್ತಿಡು. ಹೋದ ವರ್ಷ ಪಾರ್ಕಿಂಗ್ ಮೈದಾನಕ್ಕೆ ಸಾಗಿಸುವಾಗ ಎರಡು ಕಪ್ಪು ಒಡೆದುಹೋದವು.

ಇಲ್ಲಿಗೆ ಪತ್ರ ಮುಗಿಯಬೇಕಿತ್ತು. ನಾವು ಪತ್ರ ಬಿಟ್ಟುಹೋಗುವ ಡಬ್ಬಿಯಲ್ಲಿ ಒಂದು ಕಾರ್ಡು ಕಂಡು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಶನಿವಾರ ಒಬ್ಬ ದಲ್ಲಾಳಿ ಬಂದಿದ್ದ. ಕಡಲೊಳಗೆ ಚಾಚಿದ ಪಿಯರ್ ಕಟ್ಟೆಯ ಪಕ್ಕದ ಹನ್ನೊಂದನೇ ಗೂಡು ಒಂದು ಲಕ್ಷ ಹದಿನೈದು ಸಾವಿರ ಪೌಂಡಿಗೆ ಹೋಯಿತಂತೆ. ನಾನು ಅವನನ್ನು ನಂಬಲಿಲ್ಲ. ಅವನು ಫೋನಿನಲ್ಲಿ ಕಾಗದ ತೋರಿಸಿದ. ನಮ್ಮ ಜಾಗ ಅದಕ್ಕಿಂತ ಒಳ್ಳೆಯದು, ಮುಂದೆ ಏನೂ ಅಡ್ಡವಿಲ್ಲ ಎಂದ. ನೀರಿಲ್ಲ, ದೀಪವಿಲ್ಲ, ರಾತ್ರಿ ಮಲಗುವ ಹಾಗಿಲ್ಲ ಎಂದೆ. ಅದಕ್ಕೇ ಮೇಡಮ್, ಜನಕ್ಕೆ ಬೇಕಾಗಿರೋದು ಅದೇ, ಎಂದ. ಆ ಮಾತಿನ ಅರ್ಥ ನನಗೆ ಇನ್ನೂ ಆಗಿಲ್ಲ.

ಕಾರ್ಡನ್ನು ಎಸೆಯಬಹುದು. ನಾನೇ ಎಸೆಯಬಹುದಿತ್ತು.

ಲೋರ್ನಾ


ಗೂಡಿನಿಂದ
೨೨ ಸೆಪ್ಟೆಂಬರ್

ಲೋರ್ನಾ,

ಗ್ಯಾಸ್ ಎರಡೂವರೆ ಕೆಟಲ್ ಬಂತು. ಆ ಅರ್ಧ ಕೆಟಲ್ ಟೀ ಕುಡಿದೆ. ನಮ್ಮ ಕ್ಲಿನಿಕ್ಕಲ್ಲಿ ಹಲ್ಲು ಕಿತ್ತ ಮೇಲೆ ಬಾಯಿ ಮುಕ್ಕಳಿಸೋಕೆ ಕೊಡ್ತೀವಲ್ಲ, ಹಾಗಿತ್ತು. ಕುರ್ಚಿ ಹೊಲಿಗೆ ನೋಡಿದೆ. ಚೆನ್ನಾಗಿಲ್ಲ ಅಂತ ನೀನೇ ಬರೆದಿದ್ದೀಯ, ನಾನು ಮತ್ತೆ ಹೇಳಲ್ಲ. ಕೂತ್ಕೊಂಡೆ, ಹರೀಲಿಲ್ಲ.

ಕಾರ್ಡು ನೋಡಿದೆ. ಫೋಟೋದಲ್ಲಿ ನಿನ್ನ ದಲ್ಲಾಳಿಗೆ ಹಲ್ಲು ಜಾಸ್ತಿ. ಅದರಲ್ಲಿ ನಾಲ್ಕು ಅವನದಲ್ಲ, ಬರೆದು ಕೊಡ್ತೀನಿ.

ಒಂದು ಲಕ್ಷ ಹದಿನೈದು ಸಾವಿರ! ಲೆಸ್ಟರಲ್ಲಿ ನಮ್ಮ ಬೀದಿ ಕೊನೇಲಿ ಎರಡು ಕೋಣೆ ಮನೆ ಬರುತ್ತೆ ಆ ದುಡ್ಡಿಗೆ. ಮನೆ ಕಣೇ, ಕಕ್ಕಸು ಒಳಗೇ ಇರೋದು. ನಮ್ಮಮ್ಮಂದಿರು ಇದನ್ನ ನೂರಾ ಹತ್ತಕ್ಕೆ ತಗೊಂಡಿದ್ದು. ಅದೂ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಅಕ್ಕಪಕ್ಕ ಕೂತು ಎಂಟು ತಿಂಗಳು ಕೂಡಿಸಿಟ್ಟು, ಅರ್ಧ ಅರ್ಧ ಹಾಕಿ. ದಲ್ಲಾಳಿಗೆ ಬಾಗಿಲ ಮೇಲಿನ ಆ ಹೆಸರಿನ ಫಲಕ ತೋರಿಸಬೇಕಿತ್ತು ನೀನು. ಎನಿಡ್ ಮೊದಲಾ ಡೋರೀನ್ ಮೊದಲಾ ಅಂತ ಒಂದು ವಾರ ಜಗಳ ಆಡಿ, ಕೊನೆಗೆ ಎರಡೂ ಹೆಸರು ಸೇರಿಸಿ ಎನಿಡೋರೀನ್ ಅಂತ ಬರೆದ ಕಥೆ ಹೇಳಬೇಕಿತ್ತು. ನಡುವೆ ಒಂದೇ ಡ. ಒಂದಕ್ಷರದ ಬಣ್ಣ ಉಳೀತಲ್ಲ ಅಂತ ನಮ್ಮಮ್ಮ ಸಾಯೋವರೆಗೂ ಹೇಳ್ತಿದ್ಲು.

ನಾನು ಮಾರಲ್ಲ. ನೀನು ಕೇಳಿಲ್ಲ, ಆದ್ರೂ ಹೇಳ್ತಿದ್ದೀನಿ. ವರ್ಷವಿಡೀ ಬೇರೆಯವರ ಬಾಯೊಳಗೆ ಬಗ್ಗಿ ನೋಡ್ತೀನಿ. ಬೇಸಿಗೆಯಲ್ಲಿ ವಾರ ಬಿಟ್ಟು ವಾರ ಇಲ್ಲಿ ಬಂದು ಏನೂ ನೋಡದೆ ಕೂತ್ಕೊತೀನಿ. ನನಗೆ ಬೇರೆ ಏನೂ ಇಲ್ಲ.

ಕಪ್ಪುಗಳನ್ನ ನನ್ನ ಸ್ವೆಟರಲ್ಲಿ ಸುತ್ತಿಟ್ಟಿದ್ದೀನಿ. ಸ್ವೆಟರ್ ಹಾಕ್ಕೋಬೇಡ.

ಬ್ರಯನಿ


ಥಾರ್ನ್‌ಹೈತ್
೧೯ ನವೆಂಬರ್

ಪ್ರಿಯ ಬ್ರಯನಿ,

ಇದನ್ನು ಅಂಚೆಯಲ್ಲಿ ಹಾಕುತ್ತಿದ್ದೇನೆ. ಡಬ್ಬಿ ಈಗ ಗೂಡಿನೊಳಗೆ, ಗೂಡು ಮೈದಾನದಲ್ಲಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಕೆಟ್ಟವರಾಗುತ್ತೇವೆ ಎಂದು ಮೂರು ವರ್ಷದ ಹಿಂದೆ ನೀನೇ ನಿಯಮ ಮಾಡಿದೆ. ಅದು ಒಳ್ಳೆಯ ನಿಯಮ.

ನಿನ್ನೆ ಶಾಲೆಯಿಂದ ಬರುತ್ತ ಮೈದಾನಕ್ಕೆ ಹೋಗಿದ್ದೆ. ಎಲ್ಲ ಗೂಡುಗಳೂ ಎದುರುಬದುರು ನಿಂತಿವೆ. ಎಲ್ಲವೂ ಬಿಳಿ, ಎಲ್ಲದಕ್ಕೂ ಹಸಿರು ಅಂಚು. ಪುರಸಭೆ ಹೇಳಿದ ಬಣ್ಣ. ಮುಂದೆ ಕಡಲಿಲ್ಲದೆ ನೋಡಿದರೆ ಅವು ತೋಟದ ಸಾಮಾನು ಇಡುವ ಪೆಟ್ಟಿಗೆಗಳೇ. ನಮ್ಮದರ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ೪೨ ಎಂದು ಬರೆದಿದ್ದಾರೆ, ಮಳೆಗೆ ಆಗಲೇ ಅರ್ಧ ಹೋಗಿದೆ. ಫಲಕ ಇದೆಯಲ್ಲ ಎಂದುಕೊಂಡೆ. ಪಕ್ಕದಲ್ಲಿ ಪೆಟಿಫರ್ ಅವರ ಗೂಡು ಎಂದಿನಂತೆ ಬೋಳು. ಅವರು ತಮ್ಮ ಫಲಕವನ್ನು ಪ್ರತಿ ಚಳಿಗಾಲ ಮನೆಗೆ ಒಯ್ಯುತ್ತಾರೆ, ಯಾರೋ ಕದಿಯಲು ಕಾಯುತ್ತಿದ್ದಾರೆ ಎಂಬಂತೆ.

ಹೇಳಬೇಕಾದದ್ದನ್ನು ಬಿಟ್ಟು ಪೆಟಿಫರ್ ಬಗ್ಗೆ ಬರೆಯುತ್ತಿದ್ದೇನೆ.

ಮನೆಯೊಡೆಯ ನನಗೆ ನೋಟಿಸು ಕೊಟ್ಟಿದ್ದಾನೆ. ಮೇ ಕೊನೆಗೆ ಬಿಡಬೇಕು. ಮನೆಯನ್ನು ಬೇಸಿಗೆಯ ಪ್ರವಾಸಿಗಳಿಗೆ ವಾರದ ಲೆಕ್ಕದಲ್ಲಿ ಕೊಡುತ್ತಾನಂತೆ. ಹತ್ತೊಂಬತ್ತು ವರ್ಷ ಒಳ್ಳೆಯ ಬಾಡಿಗೆದಾರಳಾಗಿದ್ದೆ ಎಂದು ಅದೇ ಪತ್ರದಲ್ಲಿ ಬರೆದಿದ್ದಾನೆ. ಊರಲ್ಲಿ ಬೇರೆ ಮನೆ ಹುಡುಕಿದೆ. ಇರುವುದೆಲ್ಲ ವಾರದ ಮನೆಗಳೇ. ಮಾರಾಟಕ್ಕೆ ಮೀನಿನ ಮಾರುಕಟ್ಟೆಯ ಹಿಂದೆ ಒಂದು ಚಿಕ್ಕ ಮನೆಯಿದೆ. ಮುಂಗಡ ದೊಡ್ಡದಾಗಿ ಕಟ್ಟಿದರೆ ಮಾತ್ರ ಶಾಲೆಯ ಗುಮಾಸ್ತೆಯ ಸಂಬಳಕ್ಕೆ ಬ್ಯಾಂಕಿನವರು ಉಳಿದದ್ದನ್ನು ಕೊಡುತ್ತಾರೆ.

ಗೂಡು ಮಾರಿ ಬರುವ ಅರ್ಧದಲ್ಲಿ ಆ ಮುಂಗಡ ಆಗುವುದಿಲ್ಲ. ಇದನ್ನು ನಾನು ಯಾಕೆ ಬರೆದೆ ಎಂದು ನೀನು ಕೇಳುತ್ತೀಯ. ನನಗೂ ಗೊತ್ತಿಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಮಾರುವ ಮಾತನ್ನು ಒಮ್ಮೆಯಾದರೂ ಯೋಚಿಸುತ್ತೀಯಾ?

ಲೋರ್ನಾ


ಲೆಸ್ಟರ್
೨ ಡಿಸೆಂಬರ್

ಲೋರ್ನಾ,

ಯೋಚಿಸಿದೆ. ಹತ್ತು ದಿನ ಯೋಚಿಸಿದೆ, ಒಬ್ಬಳ ಬಾಯಲ್ಲಿ ಹತ್ತಿ ಮರೆತುಬಿಡೋಷ್ಟು. ಬೇಡ.

ಮನೆ ವಿಷಯ ಕೇಳಿ ನಿಜವಾಗ್ಲೂ ಬೇಜಾರಾಯ್ತು. ಆ ಮನುಷ್ಯ ಹಾಳಾಗಿ ಹೋಗ್ಲಿ. ಇಲ್ಲಿ ನನ್ನ ಹಿಂದಿನ ಕೋಣೆ ಖಾಲಿ ಇದೆ. ಇಸ್ತ್ರಿ ಹಲಗೆ ಎತ್ತಿಟ್ರೆ ಮಂಚ ಹಿಡಿಸುತ್ತೆ. ತಮಾಷೆಗೆ ಹೇಳ್ತಿದ್ದೀನಿ ಅಂದ್ಕೋ, ಇಲ್ಲ ನಿಜ ಅಂದ್ಕೋ, ನಿನಗೆ ಯಾವುದು ಸುಲಭವೋ ಅದು. ಆದ್ರೆ ನಿನಗೆ ಕಡಲಿಂದ ಎರಡು ಮೈಲಿ ದೂರ ಹೋದ್ರೇ ತಲೆನೋವು ಬರುತ್ತೆ. ಲೆಸ್ಟರಲ್ಲಿ ಸತ್ತೇ ಹೋಗ್ತೀಯ.

ಇನ್ನೊಂದು ಮಾತು. ಗೂಡಿನ ಲೈಸೆನ್ಸಲ್ಲಿ ಒಂದೇ ಹೆಸರು ಇರಬೇಕು ಅಂತ ಪುರಸಭೆಯವರು ಅವತ್ತು ಅಂದಿದ್ದಕ್ಕೆ ನಿಮ್ಮಮ್ಮನ ಹೆಸರು ಹಾಕಿದ್ರು. ನಮ್ಮಮ್ಮ ಆವಾಗ ಸರದಿಯಲ್ಲಿ ನಿಂತಿರಲಿಲ್ಲ, ಐಸ್‌ಕ್ರೀಮ್ ತರೋಕೆ ಹೋಗಿದ್ಲು. ಅದಕ್ಕೇ. ನಿಮ್ಮಮ್ಮನಿಂದ ನಿನಗೆ ಬಂತು. ಕಾಗದದ ಪ್ರಕಾರ ಪೂರ್ತಿ ನಿನ್ನದೇ. ಅದು ನನಗೂ ಗೊತ್ತು, ನಿನಗೂ ಗೊತ್ತು. ಅರ್ಧದಲ್ಲಿ ಮುಂಗಡ ಆಗಲ್ಲ ಅಂತ ನೀನು ಬರೆದಾಗ, ಅದನ್ನ ಬಾಯಿಬಿಟ್ಟು ಹೇಳದೇ ಹೇಳಿದ ಹಾಗಾಯ್ತು.

ಬಹುಶಃ ನೀನು ಹಾಗೆ ಅಂದ್ಕೊಂಡಿರಲಿಲ್ಲ. ನೀನು ಯಾವತ್ತೂ ಏನೂ ಅಂದ್ಕೊಂಡಿರಲ್ಲ, ಸುಮ್ನೆ ಬಾಯಿಗೆ ಬರುತ್ತೆ. ಅಮ್ಮನ ಕೊನೇ ದಿನಗಳಲ್ಲಿ ಆಸ್ಪತ್ರೆ ಮೆಟ್ಟಿಲ ಮೇಲೆ ನನ್ನನ್ನ "ವಾರಾಂತ್ಯದ ಮಗಳು" ಅಂದಾಗಲೂ ಹಾಗೇ.

ಕ್ರಿಸ್‌ಮಸ್ಸಿಗೆ ಕಾರ್ಡ್ ಕಳಿಸ್ತೀನಿ. ಅದರಲ್ಲಿ ಇದ್ಯಾವುದೂ ಇರಲ್ಲ.

ಬ್ರಯನಿ


ಥಾರ್ನ್‌ಹೈತ್
೧೭ ಫೆಬ್ರವರಿ

ಪ್ರಿಯ ಬ್ರಯನಿ,

ಕಾರ್ಡಿಗೆ ತಡವಾಗಿ ವಂದನೆಗಳು. ಇಲ್ಲಿ ಎರಡು ವಾರದಿಂದ ಪೂರ್ವದ ಗಾಳಿ. ದಂಡೆಯ ಕಲ್ಲುಗಳನ್ನೆಲ್ಲ ಅಲೆಗಳು ಒಂದು ಮೂಲೆಗೆ ತಳ್ಳಿವೆ. ನಮ್ಮ ಜಾಗದ ಕಾಂಕ್ರೀಟು ಕಟ್ಟೆ ಮೊಣಕಾಲೆತ್ತರ ಎದ್ದು ಕಾಣುತ್ತಿದೆ. ಕಟ್ಟೆಯಲ್ಲಿ ಕೊರೆದ ೪೨ ಸ್ಪಷ್ಟವಾಗಿದೆ.

ಗೂಡಿನ ಫಲಕವನ್ನು ಬಿಚ್ಚಿ ಮನೆಗೆ ತಂದಿದ್ದೇನೆ. ಅಕ್ಷರಗಳ ಬಣ್ಣ ಎದ್ದಿದೆ, ಮತ್ತೆ ಹಚ್ಚಬೇಕು. ಮೂರು ಸ್ಕ್ರೂಗಳಲ್ಲಿ ಎರಡು ಸುಲಭವಾಗಿ ಬಂದವು. ನಡುವಿನದು ತುಕ್ಕು ಹಿಡಿದಿತ್ತು. ಅರ್ಧ ಗಂಟೆ ಒದ್ದಾಡಿದೆ, ಅಂಗೈ ಸುಲಿಯಿತು.

ಮನೆಯ ವಿಷಯ ಇನ್ನೂ ಏನೂ ಆಗಿಲ್ಲ. ನೋಡುತ್ತಿದ್ದೇನೆ.

ಈಸ್ಟರ್‌ಗೆ ಮೊದಲು ಗೂಡುಗಳನ್ನು ದಂಡೆಗೆ ತಂದಿಡುತ್ತಾರೆ. ಈಸ್ಟರ್ ಈ ವರ್ಷ ಜೋಡಿ ವಾರದಲ್ಲಿ ಬರುತ್ತದೆ, ನಿನ್ನ ವಾರ. ಆ ದಿನಗಳಲ್ಲಿ ನಾನು ಊರಲ್ಲಿ ಇರುವುದಿಲ್ಲ ಎನಿಸುತ್ತದೆ.

ಲೋರ್ನಾ


ದಂಡೆಯಿಂದ
೧೯ ಏಪ್ರಿಲ್

ಕಳ್ಳಿ,

ನಲವತ್ತೆರಡು ಅಂತ ಕೊರೆದಿರೋ ಕಟ್ಟೆ ಮುಂದೆ ನಿಂತಿದ್ದೀನಿ. ಕೈಯಲ್ಲಿ ಕೀಲಿ ಇದೆ. ಕೀಲಿ ಬೀಗದೊಳಗೆ ಹೋಗ್ತಾನೇ ಇಲ್ಲ. ಹೊಸ ಬೀಗ, ಪಳಪಳ ಹೊಳೀತಿದೆ. ಫಲಕ ಇಲ್ಲ. ಅದು ಇದ್ದ ಜಾಗದಲ್ಲಿ ಸ್ಕ್ರೂ ತೂತು ಕೂಡ ಇಲ್ಲ, ಮುಚ್ಚಿ ಬಣ್ಣ ಹೊಡೆಸಿದ್ದೀಯ. ಅಷ್ಟು ಅಚ್ಚುಕಟ್ಟು. ಕಿಟಕಿಗೆ ಹೊಸ ಪರದೆ, ಲಂಗರಿನ ಚಿತ್ರ ಇರೋದು. ನಮ್ಮಮ್ಮ ನೋಡಿದ್ರೆ ವಾಂತಿ ಮಾಡ್ಕೊಂಡಿರೋಳು.

ಮೂರು ರೈಲು ಬದಲಾಯಿಸಿ ಬಂದೆ. ಬ್ಯಾಗಲ್ಲಿ ಗ್ಯಾಸ್ ಸಿಲಿಂಡರ್ ಇದೆ. ಕೊನೇ ರೈಲಲ್ಲಿ ಒಬ್ಬ ಅದನ್ನ ನೋಡಿ ಬೇರೆ ಬೋಗಿಗೆ ಹೋಗಿ ಕೂತ.

ನಿನ್ನ ಮನೆ ತನಕ ಬಂದೆ. ಗಂಟೆ ಒತ್ತಲಿಲ್ಲ. ಒತ್ತಿದ್ರೂ ನೀನು ಇರ್ತಿರಲಿಲ್ಲ, ಇರಲ್ಲ ಅಂತ ಮೊದಲೇ ಬರೆದಿದ್ದೆಯಲ್ಲ. ಆಗಲೇ ಅರ್ಥ ಆಗಬೇಕಿತ್ತು ನನಗೆ. ಬಣ್ಣ ಹಚ್ಚೋಕೆ ಫಲಕ ಬಿಚ್ಚಿದ್ದಂತೆ!

ಬೇಕಾದ್ರೆ ದುಡ್ಡೆಲ್ಲ ನೀನೇ ಇಟ್ಕೋ. ಅಮ್ಮನ ಕುರ್ಚಿ ಮತ್ತೆ ನೀಲಿ ಕೆಟಲ್ ಕಳಿಸು. ಕುರ್ಚಿ ನೀನು ಹೊಲಿದಿದ್ದು ಹಾಗೇ ಇರಲಿ, ಬಿಚ್ಚಬೇಡ.

ಇದನ್ನ ಬಾಗಿಲ ಕೆಳಗೆ ತಳ್ತೀನಿ. ಯಾರು ಕೊಂಡಿದ್ದಾರೋ ಅವರೇ ಓದ್ಲಿ.

ಬ್ರಯನಿ


ಥಾರ್ನ್‌ಹೈತ್
೩ ಮೇ

ಮಿಸ್ ಲೋರ್ನಾ ಗೆಡ್ಜ್ ಅವರಿಗೆ,

ನಾನು ನಲವತ್ತಮೂರನೇ ನಂಬರಿನ ಪೆಟಿಫರ್. ಇಪ್ಪತ್ತಾರು ಬೇಸಿಗೆಗಳಿಂದ ನಿಮ್ಮ ನೆರೆಯವನು. ನಾವು ಹವಾಮಾನ ಬಿಟ್ಟು ಬೇರೆ ಮಾತಾಡಿದವರಲ್ಲ, ಆದ್ದರಿಂದ ಇದನ್ನು ಬರೆಯಲು ಸಂಕೋಚ.

ಇಂದು ಬೆಳಿಗ್ಗೆ ಗೂಡು ತೆರೆಯಲು ಹೋದೆ. ನನ್ನ ಜಾಗದಲ್ಲಿ ನಿಮ್ಮ ಗೂಡು ನಿಂತಿದೆ. ನಿಮ್ಮ ಜಾಗದಲ್ಲಿ ನನ್ನದು ನಿಂತಿದೆ. ಪುರಸಭೆಗೆ ಹೋಗಿ ಕೇಳಿದೆ. ಸಾಗಿಸಿದವರು ಹೇಳುವುದು ಹೀಗೆ: ಸೀಮೆಸುಣ್ಣ ಅಳಿಸಿದರೆ ಅವರು ಫಲಕ ನೋಡಿ ಇಡುತ್ತಾರೆ. ಪ್ರತಿ ವರ್ಷ ನನ್ನದು ಬೋಳು, ನಿಮ್ಮದಕ್ಕೆ ಹೆಸರು, ಹಾಗಾಗಿ ತಪ್ಪು ಆಗುತ್ತಿರಲಿಲ್ಲ. ಈ ವರ್ಷ ಎರಡೂ ಬೋಳು. ಕ್ರೇನ್ ಮತ್ತೆ ಬರುವುದು ಸೆಪ್ಟೆಂಬರಿಗೇ. ಅಲ್ಲಿಯವರೆಗೆ ನಾವು ನಮ್ಮ ನಮ್ಮ ಮರದ ಗೂಡಿನೊಳಗೆ, ಪರರ ನೆಲದ ಮೇಲೆ ಕೂರಬೇಕು. ನನ್ನ ಹೆಂಡತಿಗೆ ಇದು ತಮಾಷೆಯಾಗಿ ಕಂಡಿದೆ. ನನಗೆ ಕಂಡಿಲ್ಲ. ಈ ಬದಿಯಲ್ಲಿ ಕಡಲಿಗಿಳಿಯುವ ಮೆಟ್ಟಿಲು ಎಂಟು ಹೆಜ್ಜೆ ಹೆಚ್ಚು ದೂರ.

ನನ್ನ ಬಾಗಿಲ ಒಳಗೆ, ಇದರ ಜೊತೆಗಿಟ್ಟಿರುವ ಈ ಪತ್ರ ಬಿದ್ದಿತ್ತು. ಮೊದಲ ಪದ ನನ್ನ ಹೆಂಡತಿಗೇ ಹೇಳಿದ್ದು ಎಂದುಕೊಂಡು ಮುಂದೆ ಓದಿದೆ. ಪರದೆಯವರೆಗೆ ಓದಿದ ಮೇಲೆ ನಮಗಲ್ಲ ಎಂದು ತಿಳಿದು ನಿಲ್ಲಿಸಿದೆ. ಚಳಿಗಾಲದಲ್ಲಿ ಮೈದಾನದಲ್ಲೇ ಬೀಗವನ್ನೂ ಪರದೆಯನ್ನೂ ಬದಲಿಸಿದ್ದೆವು. ಪರದೆ ಆರಿಸಿದ್ದು ನನ್ನ ಹೆಂಡತಿ. ಅವಳಿಗೆ ತೋರಿಸಿಲ್ಲ.

ಇತಿ ತಮ್ಮ,
ಆರ್ಥರ್ ಪೆಟಿಫರ್


ಥಾರ್ನ್‌ಹೈತ್
೫ ಮೇ

ಪ್ರಿಯ ಬ್ರಯನಿ,

ನಿನ್ನ ಈಸ್ಟರ್ ಪತ್ರ ಇವತ್ತು ಕೈಸೇರಿತು. ಪೆಟಿಫರ್ ಅವರ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ, ಮೊದಲು ಅದನ್ನು ಓದು.

ಓದಿದೆಯಾ? ನೀನು ಅವರ ಬೀಗಕ್ಕೆ ನಮ್ಮ ಕೀಲಿ ಹಾಕಿದೆ. ನಮ್ಮ ಗೂಡು ಪಕ್ಕದಲ್ಲೇ ಇತ್ತು, ಆರು ಅಡಿ ಆಚೆ, ಅದೇ ಹಳೆಯ ಬೀಗದೊಂದಿಗೆ. ನಿನ್ನ ಅಮ್ಮನ ಕುರ್ಚಿ ಒಳಗಿದೆ, ಕೆಟಲ್ ಒಳಗಿದೆ, ನಿನ್ನ ಸ್ವೆಟರಿನಲ್ಲಿ ಕಪ್ಪುಗಳಿವೆ. ನಾನು ಬೀಗ ಬದಲಿಸಿಲ್ಲ.

ಇಷ್ಟು ಬರೆದು ಪತ್ರವನ್ನು ಮಡಚಿ ಲಕೋಟೆಗೆ ಹಾಕಿದೆ. ಅಂಟಿಸಿಯೂ ಆಯಿತು. ಇದರಲ್ಲಿರುವ ಪ್ರತಿಯೊಂದು ಮಾತೂ ನಿಜ. ಇದನ್ನು ಓದಿ ನೀನು ಕ್ಷಮೆ ಕೇಳುತ್ತಿದ್ದೆ. ಆ ಕ್ಷಮೆಯ ಮಾತುಗಳು ಕೂಡ ನನಗೆ ಕೇಳಿಸಿದವು, ನಿನ್ನದೇ ದನಿಯಲ್ಲಿ. ಆಮೇಲೆ ಲಕೋಟೆಯನ್ನು ಹರಿದೆ. ಉಳಿದದ್ದನ್ನು ಬರೆಯುತ್ತಿದ್ದೇನೆ.

ಫಲಕವನ್ನು ಬಣ್ಣ ಹಚ್ಚಲು ಬಿಚ್ಚಲಿಲ್ಲ. ಫೆಬ್ರವರಿ ಹದಿನಾರಕ್ಕೆ ಲಂಡನ್ನಿನಿಂದ ಒಬ್ಬ ಗಂಡ ಹೆಂಡತಿ ನೋಡಲು ಬರುವವರಿದ್ದರು. ಬೇರೆಯವರ ಹೆಸರು ಇದ್ದರೆ ಕೊಳ್ಳುವವರಿಗೆ ತಮ್ಮದು ಅನ್ನಿಸುವುದಿಲ್ಲ, ತೆಗೆದಿಡಿ ಎಂದ ದಲ್ಲಾಳಿ. ನಾನು ತೆಗೆದೆ. ಅದರಿಂದಲೇ ಸಾಗಿಸುವವರಿಗೆ ನಮ್ಮ ಗೂಡು ಯಾವುದೆಂದು ತಿಳಿಯಲಿಲ್ಲ. ಅದರಿಂದಲೇ ನೀನು ಸಿಲಿಂಡರ್ ಹೊತ್ತುಕೊಂಡು ವಾಪಸು ಹೋದೆ.

ಅವರು ಮೈದಾನದಲ್ಲೇ ನೋಡಿದರು. ಒಳ್ಳೆಯ ಜನ, ಬ್ರಯನಿ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆಕೆ ಕುರ್ಚಿಯಲ್ಲಿ ಕೂತು ಬಾಗಿಲಾಚೆ ನೋಡಿದಳು. ಎದುರಿಗೆ ಕಂಡದ್ದು ಇನ್ನೊಂದು ಗೂಡಿನ ಬಾಗಿಲು. ಆದರೂ ಅವಳ ಕಣ್ಣು ತುಂಬಿತು. "ನಾವು ವರ್ಷಕ್ಕೆ ಹತ್ತು ದಿನ ಬರ್ತೀವಿ ಅಷ್ಟೆ," ಎಂದಳು. "ಆದ್ರೆ ಉಳಿದ ದಿನ ಇದು ಇದೆ ಅಂತ ಗೊತ್ತಿರುತ್ತಲ್ಲ." ಸೆಪ್ಟೆಂಬರಿನಲ್ಲಿ ಆ ದಲ್ಲಾಳಿ ಹೇಳಿದ ಮಾತಿನ ಅರ್ಥ ನನಗೆ ಆಗ ಆಯಿತು. ನಾನು ವರ್ಷಗಳಿಂದ ಅನುಭವಿಸುತ್ತಿರುವುದೂ ಅದನ್ನೇ. ಅದಕ್ಕೆ ಬೆಲೆ ಕಟ್ಟಬಹುದು ಎಂದು ಮಾತ್ರ ಗೊತ್ತಿರಲಿಲ್ಲ.

ಒಂದು ಲಕ್ಷ ಹದಿನೆಂಟು ಸಾವಿರ ಎಂದರು. ನಾನು ಆಗಲಿ ಎಂದೆ. ಹದಿಮೂರನೇ ತಾರೀಕು, ಮಂಗಳವಾರ, ಪುರಸಭೆಯಲ್ಲಿ ವರ್ಗಾವಣೆ ಕಾಗದಕ್ಕೆ ಸಹಿ ಹಾಕಬೇಕು.

ನಿನಗೆ ಆಮೇಲೆ ತಿಳಿಸೋಣ ಎಂದುಕೊಂಡಿದ್ದೆ. ಎಷ್ಟು ಕಳಿಸಬೇಕು ಎಂದು ತೀರ್ಮಾನಿಸಿರಲಿಲ್ಲ. ಈ ಪತ್ರದಲ್ಲಿ ಅತ್ಯಂತ ಕೆಟ್ಟ ವಾಕ್ಯ ಅದೇ, ಎರಡು ಸಲ ಅಳಿಸಿ ಮತ್ತೆ ಬರೆದಿದ್ದೇನೆ. ಅರ್ಧ ಎಂದು ಒಮ್ಮೆ ಅನ್ನಿಸುತ್ತಿತ್ತು. ಇಷ್ಟು ವರ್ಷ ಬಾಗಿಲಿಗೆ ಎಣ್ಣೆ ಹಾಕಿದವಳು ನಾನು, ಡೋರೀನ್ ಆಂಟಿಯನ್ನು ಕೊನೆಯ ಬೇಸಿಗೆ ದಿನಾ ಕೈಹಿಡಿದು ಮೆಟ್ಟಿಲಿಳಿಸಿದವಳು ನಾನು ಎಂದು ಇನ್ನೊಮ್ಮೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ ದಿನ ಅರ್ಧ ಕಡಿಮೆಯಾಗುತ್ತಿತ್ತು.

ನಡುವಿನ ಸ್ಕ್ರೂ ಫೆಬ್ರವರಿಯಿಂದ ನನ್ನ ಕೋಟಿನ ಜೇಬಿನಲ್ಲಿದೆ. ಬಸ್ ಟಿಕೆಟ್ಟಿಗೆ ಕೈಹಾಕಿದಾಗೆಲ್ಲ ಬೆರಳಿಗೆ ಸಿಗುತ್ತದೆ.

ನೀನು ಬರೆದ ಮೊದಲ ಪದವನ್ನು ತಿದ್ದಬೇಕಾಗಿಲ್ಲ. ಮಂಗಳವಾರ ಏನು ಮಾಡುತ್ತೇನೆ ಎಂದು ಇನ್ನೂ ಗೊತ್ತಿಲ್ಲ.

ಲೋರ್ನಾ


ಲೆಸ್ಟರ್
೮ ಮೇ

ಲೋರ್ನಾ,

ಪೆಟಿಫರ್ ಚೀಟಿ ಓದಿ ನಗು ಬಂತು. ಕ್ಲಿನಿಕ್ಕಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಿನ್ನದನ್ನ ಮನೆಗೆ ಬಂದು ಓದಿದೆ.

"ತೀರ್ಮಾನಿಸಿರಲಿಲ್ಲ" ಅಂತ ಬರೆದಿದ್ದೀಯಲ್ಲ, ಅಲ್ಲಿ ಕಾಗದ ತೆಳುವಾಗಿದೆ ಅಳಿಸಿ ಅಳಿಸಿ. ಬೆಳಕಿಗೆ ಹಿಡಿದು ನೋಡಿದೆ, ಕೆಳಗೆ ಬೇರೆ ಏನು ಬರೆದಿದ್ದೆ ಅಂತ. ಎರಡು ಸಲವೂ ಅದನ್ನೇ ಬರೆದಿದ್ದೀಯ.

ಬೈಯೋಕೆ ಕೂತೆ. ಬರ್ತಾ ಇಲ್ಲ. ಈಸ್ಟರಲ್ಲೇ ಎಲ್ಲಾ ಖರ್ಚು ಮಾಡಿಬಿಟ್ಟೆ, ಅದೂ ಪೆಟಿಫರ್ ಮೇಲೆ.

ಒಂದೇ ಒಂದು ಕೇಳ್ತೀನಿ. ಮೂರು ವರ್ಷದಿಂದ ಡಬ್ಬಿಯಲ್ಲಿ ಕೇಳಿಲ್ಲ. ಅಮ್ಮನ ಮಣ್ಣಿನ ದಿನ ಚರ್ಚಲ್ಲಿ ಮೊದಲ ಸಾಲಲ್ಲಿ ನಿನಗೆ ಅಂತ ನನ್ನ ಕೋಟಿಟ್ಟು ಜಾಗ ಹಿಡಿದಿದ್ದೆ. ಕೊನೇವರೆಗೂ ಕೋಟೇ ಕೂತಿತ್ತು. ಎಲ್ಲಿದ್ದೆ?

ಮಂಗಳವಾರದ್ದು ನನ್ನ ಹತ್ರ ಕೇಳಬೇಡ. ನೀನು ಎರಡನೇ ಸಲ ನನ್ನ ಕೇಳೋದು, ನಾನು ಎರಡನೇ ಸಲ ಬೇಡ ಅನ್ನೋದು, ಆಮೇಲೆ ನೀನು ಬೀದೀಲಿ ನಿಂತ್ರೆ ಅದು ನನ್ನ ತಲೆಗೆ. ಒಲ್ಲೆ.

ಬ್ರಯನಿ


ಥಾರ್ನ್‌ಹೈತ್
೧೪ ಮೇ

ಪ್ರಿಯ ಬ್ರಯನಿ,

ಗೂಡಿನಲ್ಲಿದ್ದೆ. ಕಪ್ಪು ಬಟ್ಟೆ ಹಾಕಿಕೊಂಡು ಚರ್ಚಿನ ಗೇಟಿನವರೆಗೆ ಬಂದಿದ್ದೆ. ನೀನು ಮೆಟ್ಟಿಲ ಮೇಲೆ ನಿಂತು ಎಲ್ಲರ ಕೈ ಹಿಡಿಯುತ್ತಿದ್ದೆ. ಆಸ್ಪತ್ರೆಯಲ್ಲಿ ನಿನಗೆ ಅಂದ ಮಾತು ನನ್ನ ಬಾಯಲ್ಲೇ ಇತ್ತು. ನನ್ನ ಕೈಯನ್ನು ನೀನು ಹಿಡಿದರೂ ತಪ್ಪು, ಹಿಡಿಯದಿದ್ದರೂ ತಪ್ಪು ಅನ್ನಿಸಿತು. ತಿರುಗಿ ಹೋಗಿ ಬಾಗಿಲು ತೆರೆದು ಎರಡು ಕುರ್ಚಿ ಹಾಕಿ ಕೂತೆ. ಟೀ ಮಾಡಲಿಲ್ಲ. ಗಂಟೆ ಬಾರಿಸಿದ್ದು ಅಲ್ಲಿಗೂ ಕೇಳಿಸಿತು. ಇದು ನೆಪವಲ್ಲ, ನೀನು ಕೇಳಿದ್ದಕ್ಕೆ ಉತ್ತರ.

ನಿನ್ನೆ ಪುರಸಭೆಗೆ ಹೋದೆ. ಕಿಟಕಿಯ ಹಿಂದಿನ ಹೆಂಗಸು ಕಾಗದ ಕೊಟ್ಟಳು. ಹಳೆಯ ಪರವಾನಗಿದಾರರು, ಹೊಸ ಪರವಾನಗಿದಾರರು, ಎರಡು ಗೆರೆ. ಮೊದಲನೆಯದರ ಮೇಲೆ ಸಹಿ ಹಾಕಿದೆ. ಎರಡನೆಯದರ ಮೇಲೆ ನಿನ್ನ ಹೆಸರು ಬರೆದೆ.

ಲಂಡನ್ನಿನವರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ಹೇಳಿದೆ. ಆತ ಸಿಟ್ಟಾದ. ಆಕೆ ಮಾತ್ರ, "ಯಾರಿಗಾದ್ರೂ ಕೊಟ್ರಾ, ನಿಮ್ಮಲ್ಲೇ ಇಟ್ಕೊಂಡ್ರಾ?" ಎಂದು ಕೇಳಿದಳು. ಮೊದಲೇ ಇದ್ದವಳಿಗೆ ಕೊಟ್ಟೆ ಎಂದೆ. ನಾನು ಮಾಡಿದ್ದು ದೊಡ್ಡತನವಲ್ಲ, ಬ್ರಯನಿ. ಆ ಕಾಗದ ನನ್ನ ಹೆಸರಲ್ಲಿರುವವರೆಗೆ ಪ್ರತಿ ಬಾಡಿಗೆಯ ದಿನವೂ ನಾನು ಅದನ್ನು ಮನಸ್ಸಿನಲ್ಲಿ ಮಾರುತ್ತಿರುತ್ತೇನೆ. ಒಂದು ದಿನ ಮಾರಿಯೂ ಬಿಡುತ್ತೇನೆ. ನನಗೆ ನನ್ನ ಮೇಲೆ ನಂಬಿಕೆ ಇಲ್ಲ, ನಿನ್ನ ಮೇಲೆ ಇದೆ.

ಕಾಗದ ಇದರ ಜೊತೆಗಿದೆ. ನಿನ್ನ ಸಹಿ ಬೇಕು. ಇನ್ನೊಂದು ವಿಷಯ. ಪರವಾನಗಿ ಇರುವುದು ಜಾಗಕ್ಕೆ, ಮರದ ಗೂಡಿಗಲ್ಲ. ಹಾಗಾಗಿ ನಾನು ನಿನಗೆ ಬರೆದುಕೊಟ್ಟಿರುವುದು ಸದ್ಯಕ್ಕೆ ಪೆಟಿಫರ್ ಕೂತಿರುವ ಕಾಂಕ್ರೀಟು ಕಟ್ಟೆಯನ್ನು. ಆ ಒಂದು ಲಕ್ಷ ಹದಿನೆಂಟು ಸಾವಿರವೂ ಆ ಕಟ್ಟೆಗೇ. ನಮ್ಮ ಅಮ್ಮಂದಿರ ಮರಕ್ಕೆ, ಪರದೆಗೆ, ಕೆಟಲಿಗೆ ದಲ್ಲಾಳಿ ಹಾಕಿದ ಬೆಲೆ ನಾನೂರು.

ನಾನು ಒಳನಾಡಿನ ಕಡೆ ಹದಿನಾಲ್ಕು ಮೈಲಿ ದೂರದಲ್ಲಿ ಒಂದು ಕೋಣೆ ಹಿಡಿದಿದ್ದೇನೆ, ಸೈಕಲ್ ಅಂಗಡಿಯ ಮೇಲೆ. ಬೆಳಿಗ್ಗೆ ಆರೂವರೆಗೆ ಶಾಲೆಗೆ ಬಸ್ಸಿದೆ. ಕಿಟಕಿಯಿಂದ ಹೊಲ ಕಾಣುತ್ತದೆ. ಕೋಣೆ ನೋಡಲು ಹೋದ ದಿನ ಪೂರ್ತಿ ತಲೆನೋವಿತ್ತು. ನೀನು ಹೇಳಿದ್ದು ನೆನಪಾಗಿ ಸಿಟ್ಟು ಬಂತು.

ಫಲಕವನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನೊಳಗೆ ಇಟ್ಟಿದ್ದೇನೆ. ಹಾಕುವ ಕೆಲಸ ನಾನು ಮಾಡಬಾರದು ಅನ್ನಿಸಿತು. ಒಂಟಿ ವಾರಗಳು ಇನ್ನೂ ನನ್ನವೇ ಎಂದು ಭಾವಿಸುವುದಿಲ್ಲ.

ಲೋರ್ನಾ


ಗೂಡಿನಿಂದ
೧೪ ಜೂನ್

ಲೋರ್ನಾ,

ಡಬ್ಬಿಯಲ್ಲಿ ಪತ್ರ ಇರಲಿಲ್ಲ. ಹೋದ ವಾರ ನಿನ್ನದು, ನೀನು ಬಂದಿಲ್ಲ. ಟೀ ಪೊಟ್ಟಣ ಸೆಪ್ಟೆಂಬರಲ್ಲಿ ಇದ್ದಷ್ಟೇ ಇದೆ.

ಕೇಳು. ನಿನ್ನ ಕಾಗದ ಬಂದ ದಿನ ಅಡುಗೆಮನೆ ಮೇಜಿನ ಮುಂದೆ ಕೂತು ಸಹಿ ಹಾಕಿದೆ. ಪುರಸಭೆಗೆ ಕಳಿಸಿದೆ. ಮಾರನೇ ದಿನ ಕ್ಲಿನಿಕ್ಕಲ್ಲಿ ಊಟದ ಹೊತ್ತಿಗೆ ಆ ಹಲ್ಲಿನವನ ಕಾರ್ಡು ಪರ್ಸಲ್ಲಿ ಸಿಕ್ತು. ಎಸೆದಿದ್ದೀನಿ ಅಂದ್ಕೊಂಡಿದ್ದೆ, ಎಸೆದಿರಲಿಲ್ಲ. ಫೋನ್ ಮಾಡಿದೆ. ಸು‌ಮ್ನೆ ಕೇಳೋಣ ಅಂತ. ನಲವತ್ತೆರಡಕ್ಕೆ ಈಗ ಎಷ್ಟು ಬರುತ್ತೆ ಅಂದೆ. ಒಂದು ಲಕ್ಷ ಇಪ್ಪತ್ತೊಂದು ಸಾವಿರದ ತನಕ ಹೋಗಬಹುದು ಮೇಡಮ್, ಬೇಸಿಗೆ ಅಲ್ವಾ, ಅಂದ. ಹದಿನೈದು ನಿಮಿಷ ಮಾತಾಡಿದೆ. ಹದಿನೈದು ನಿಮಿಷದಲ್ಲಿ ನನ್ನ ಮನೆ ಸಾಲ ತೀರಿಸಿದೆ, ಕೆಲಸ ಬಿಟ್ಟೆ, ಪೋರ್ಚುಗಲ್ಲಿಗೆ ಹೋಗಿ ಬಂದೆ. ನಿನಗೆ ಎಷ್ಟು ಕೊಡಬೇಕು ಅನ್ನೋದು ನೆನಪೇ ಆಗಲಿಲ್ಲ ಕಣೇ. ನೀನು ತೀರ್ಮಾನ ಮಾಡಿರಲಿಲ್ಲ. ನಾನು ಯೋಚನೆ ಕೂಡ ಮಾಡಲಿಲ್ಲ.

ಒಂದು ಗಂಟೆಗೆ ಒಬ್ಬ ಮುದುಕನ ಕಟ್ಟುಹಲ್ಲು ಕೈಯಲ್ಲಿ ಹಿಡ್ಕೊಂಡಿದ್ದಾಗ ನೆನಪಾಯ್ತು. ಅವನು ಬಾಯಿ ಬಿಟ್ಕೊಂಡು ಕಾಯ್ತಾನೇ ಇದ್ದ.

ಹಾಗಾಗಿ ನನ್ನ ಮೇಲೆ ನಂಬಿಕೆ ಇದೆ ಅಂತ ಇನ್ನೊಂದ್ಸಲ ಬರೀಬೇಡ. ಪುರಸಭೆಗೆ ಹೋಗಿ ಕೇಳಿದೆ, ಎರಡು ಹೆಸರು ಹಾಕ್ತೀರಾ ಅಂತ. ಈಗಲೂ ಆಗಲ್ಲ ಅಂದ್ಲು ಕಿಟಕಿ ಹಿಂದಿನವಳು. ಹಾಗಾದ್ರೆ ವರ್ಷಕ್ಕೊಂದ್ಸಲ ಬದಲಾಯಿಸಬಹುದಾ ಅಂದೆ. ಪ್ರತಿ ಸಲ ಶುಲ್ಕ ಕಟ್ಟಿದ್ರೆ ಏನು ಬೇಕಾದ್ರೂ ಮಾಡ್ಕೊಳ್ಳಿ ಅಂದ್ಲು. ಮುಂದಿನ ವರ್ಷ ನಿನ್ನ ಹೆಸರಿಗೆ ಬರೀತೀನಿ, ಆಮೇಲಿನ ವರ್ಷ ನೀನು ನನಗೆ ಬರೆದುಕೊಡು. ಯಾರ ಹತ್ರಾನೂ ಜಾಸ್ತಿ ದಿನ ಇರೋದು ಬೇಡ ಅದು.

ಇಲ್ಲಿ ಮೆಟ್ಟಿಲು ನಿಜವಾಗ್ಲೂ ಹತ್ತಿರ. ಪೆಟಿಫರ್ ನಮ್ಮ ಕಟ್ಟೆ ಮೇಲೆ ಕೂತು ದಿನವಿಡೀ ಅದನ್ನೇ ನೋಡ್ತಾ ಇರ್ತಾನೆ. ಅವನ ಹೆಂಡತಿ ಕೇಕ್ ತಂದುಕೊಟ್ಲು. ಪರದೆ ಚೆನ್ನಾಗಿದೆ ಅಂದೆ. ಪೆಟಿಫರ್ ಕೆಮ್ಮಿದ.

ಜೋಡಿ ವಾರ, ಒಂಟಿ ವಾರ ಬಿಡು. ಮುಂದಿನ ಶನಿವಾರ ನಾನು ಇಲ್ಲೇ ಇರ್ತೀನಿ. ನಿನ್ನ ಬಸ್ಸು ಹತ್ತೂ ಹತ್ತಕ್ಕೆ ಚರ್ಚ್ ಹತ್ರ ನಿಲ್ಲುತ್ತೆ, ವಿಚಾರಿಸಿದೆ. ಗ್ಯಾಸ್ ತುಂಬಿದೆ. ಬಂದ್ರೆ ಜಗಳ ಆಗುತ್ತೆ ಅಂತ ನನಗೂ ಗೊತ್ತು.

ಫಲಕ ಹಾಕಿದ್ದೀನಿ. ಎರಡು ತುದಿಗೂ ಸ್ಕ್ರೂ ಬಿಗಿದೆ. ನಡುವೆ ಇಲ್ಲ, ಗಾಳಿ ಬಂದ್ರೆ ಡ ಇರೋ ಜಾಗದಲ್ಲಿ ಎದ್ದು ಬಡ್ಕೊಳ್ಳುತ್ತೆ. ಮಧ್ಯಾಹ್ನದಿಂದ ಬಡ್ಕೋತಾನೇ ಇದೆ, ತಲೆ ಕೆಟ್ಟುಹೋಯ್ತು.

ನಿನ್ನ ಆ ಕೋಟೇ ಹಾಕ್ಕೊಂಡು ಬಾ, ಜೇಬು ಖಾಲಿ ಮಾಡ್ಬೇಡ.

ಬ್ರಯನಿ